ನಾಲಿಗೆಯ ಕಾವಲು ಮೊದಲು ಯಾರಿಗೆ?

ಕನ್ನಡದ ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆ ಶುರುವಾದ ಸ್ವಲ್ಪ ಹೊತ್ತಿಗೆ ಸಭೆಯೆಲ್ಲ ಎದೆ ತಟ್ಟಿಕೊಂಡು ತಪ್ಪೊಪ್ಪಿಕೊಳ್ಳುತ್ತದೆ. ಆಲೋಚನೆಯಲ್ಲಿ ತಪ್ಪಿದ್ದು, ಮಾತಿನಲ್ಲಿ ತಪ್ಪಿದ್ದು, ನಡತೆಯಲ್ಲಿ ತಪ್ಪಿದ್ದು. ಕೊನೆಗೆ, ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು. ಮೊದಲ ಎರಡರ ಮೇಲೆ ಉಪದೇಶಗಳಿಗೇನೂ ಬರವಿಲ್ಲ. ತಪಸ್ಸುಕಾಲ ಬಂತೆಂದರೆ ನಾಲಿಗೆಗೂ ಉಪವಾಸ ಹಾಕಿ ಎನ್ನುವ ಗುರುಗಳು, ಕೆಟ್ಟ ಯೋಚನೆಗೆ ಮನಸ್ಸಿನ ಬಾಗಿಲು ಮುಚ್ಚಿ ಎನ್ನುವ ಸಭಾಪಾಲಕರು ಎಲ್ಲ ಪಂಗಡಗಳಲ್ಲೂ ಇದ್ದಾರೆ. ಆದರೆ ನಾಲ್ಕನೆಯದನ್ನು ಎರಡನೆಯದಕ್ಕೆ ಜೋಡಿಸಿ, ಆಡಬೇಕಾಗಿದ್ದ ಮಾತನ್ನು ಆಡದೆ ಉಳಿದದ್ದೂ ನಾಲಿಗೆಯ ತಪ್ಪೇ ಎಂದು ಹೇಳುವವರು ಅಪರೂಪ. ಆಲೋಚನೆ ಮತ್ತು ಮಾತಿನ ಬಗ್ಗೆ ಕ್ರೈಸ್ತ ಗ್ರಂಥವೂ ಪರಂಪರೆಯೂ ಹೇಳುತ್ತ ಬಂದದ್ದನ್ನು ಒಟ್ಟಿಗಿಟ್ಟು ನೋಡಿದರೆ, ಇಲ್ಲಿನ ಕಾವಲು ಮೊದಲು ನಿಂತದ್ದು ಬಲವಿದ್ದವರ ಬಾಗಿಲಲ್ಲಿ ಎಂಬುದು ಕಾಣುತ್ತದೆ. ಕಾಲ ಸರಿದಂತೆ ಅದು ಬಲವಿಲ್ಲದವರ ಬಾಗಿಲಿಗೆ ಸರಿಯಿತು.

ಶುರುವಾಗುವುದು ನ್ಯಾಯಸ್ಥಾನದಲ್ಲಿ. ದಶಾಜ್ಞೆಗಳಲ್ಲಿ ಮಾತಿಗೆ ಸಂಬಂಧಿಸಿದ ಮುಖ್ಯ ಆಜ್ಞೆ ಸುಳ್ಳುಸಾಕ್ಷಿಯದು. ಕಥೋಲಿಕರೂ ಲೂಥರನ್ನರೂ ಅದನ್ನು ಎಂಟನೆಯದಾಗಿ ಎಣಿಸುತ್ತಾರೆ, ಉಳಿದ ಪ್ರೊಟೆಸ್ಟಂಟರು ಒಂಬತ್ತನೆಯದಾಗಿ. ಎರಡು ಸಭೆಗಳ ಮಕ್ಕಳು ಒಂದೇ ಶಾಲೆಯಲ್ಲಿ ಕೂತಾಗ ಇದೊಂದು ತಮಾಷೆಯ ಜಗಳವೇ ಆಗುತ್ತದೆ. ಸಂಖ್ಯೆ ಯಾವುದಾದರೂ ಇರಲಿ, ಆಜ್ಞೆಯ ಕಣ್ಣಿರುವುದು ಊರಬಾಗಿಲಲ್ಲಿ ಕೂತು ತೀರ್ಪು ಕೊಡುತ್ತಿದ್ದ ಹಿರಿಯರ ಎದುರು ನಿಂತ ಸಾಕ್ಷಿಯ ಮೇಲೆ. ಆ ಬಾಯಿಂದ ಬಂದ ಮಾತಿಗೆ ಒಂದು ಜೀವ ಹೋಗಬಹುದಾಗಿತ್ತು. ಅದಕ್ಕೇ ಧರ್ಮೋಪದೇಶಕಾಂಡದ 19ನೇ ಅಧ್ಯಾಯ ಒಬ್ಬನೇ ಸಾಕ್ಷಿ ಸಾಲದೆನ್ನುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ, ತಾನು ಇನ್ನೊಬ್ಬನಿಗೆ ತರಬಯಸಿದ ಶಿಕ್ಷೆಯನ್ನೇ ವಿಧಿಸುತ್ತದೆ. ಅರಸುಗಳ ಮೊದಲನೆಯ ಗ್ರಂಥದಲ್ಲಿ ನಾಬೋತನ ಕತೆಯಿದೆ. ದೊರೆ ಅಹಾಬನಿಗೆ ಪಕ್ಕದ ದ್ರಾಕ್ಷಿತೋಟ ಬೇಕಾಯಿತು, ನಾಬೋತ ಕೊಡಲೊಪ್ಪಲಿಲ್ಲ. ರಾಣಿ ಈಜೆಬೆಲಳು ಊರ ಹಿರಿಯರಿಗೆ ಅರಸನ ಮುದ್ರೆಯೊತ್ತಿದ ಪತ್ರ ಬರೆದು, ಇಬ್ಬರು ಪುಂಡರಿಂದ ಸಾಕ್ಷಿ ಹೇಳಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮ ಅಲ್ಲಿ ಅಕ್ಷರಶಃ ಪಾಲನೆಯಾಗಿದೆ, ಅದೇ ಕತೆಯ ಕಹಿ. ಕಥೋಲಿಕ ಬೈಬಲಿನ ದಾನಿಯೇಲನ ಗ್ರಂಥದಲ್ಲಿರುವ ಸುಸನ್ನಳ ಪ್ರಸಂಗವೂ ಇಂಥದೇ. ಆರೋಪ ಹೊರಿಸಿದ ಇಬ್ಬರೂ ಜನರ ನ್ಯಾಯಾಧಿಪತಿಗಳು. ಯುವಕ ದಾನಿಯೇಲ ಅವರನ್ನು ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದಾಗ ಇಬ್ಬರೂ ಬೇರೆ ಬೇರೆ ಮರದ ಹೆಸರು ಹೇಳುತ್ತಾರೆ.

ಯಾಜಕಕಾಂಡದ 19ನೇ ಅಧ್ಯಾಯದ 16ನೇ ವಚನ ಇನ್ನೂ ಗಮನಾರ್ಹ. ಚಾಡಿ ಹೇಳಿಕೊಂಡು ತಿರುಗಬೇಡ ಎಂಬ ವಿಧಿಯೂ, ನೆರೆಯವನ ಜೀವಕ್ಕೆ ಕುತ್ತು ಬಂದಾಗ ಸುಮ್ಮನೆ ನಿಂತು ನೋಡಬೇಡ ಎಂಬ ವಿಧಿಯೂ ಅದೊಂದೇ ವಚನದಲ್ಲಿವೆ. ತಪ್ಪು ಮಾಡಿದ ನೆರೆಯವನಿಗೆ ಎದುರಲ್ಲೇ ಬುದ್ಧಿ ಹೇಳು ಎನ್ನುತ್ತದೆ ಮರುವಚನ. ಮೊದಲರ್ಧ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಉಳಿದದ್ದು ದೊಡ್ಡವರಿಗೂ ಮರೆತುಹೋಗಿದೆ.

ಜ್ಞಾನೋಕ್ತಿಗಳು, ಕೀರ್ತನೆಗಳು, ಸಿರಾಖನ ಗ್ರಂಥ ಇವುಗಳಲ್ಲಿ ನಾಲಿಗೆಯ ಮೇಲಿನ ನುಡಿಗಳನ್ನು ಎಣಿಸಹೊರಟರೆ ಈ ಲೇಖನ ಅಲ್ಲಿಗೇ ಮುಗಿಯುತ್ತದೆ. ಹೃದಯವನ್ನು ಕಾಯಿ, ಜೀವದ ಬುಗ್ಗೆ ಇರುವುದೇ ಅಲ್ಲಿ ಎಂಬ ಅರ್ಥದ ಮಾತು ಜ್ಞಾನೋಕ್ತಿಯ 4ನೇ ಅಧ್ಯಾಯದ್ದು. ಡೊಂಕುಮಾತನ್ನು ದೂರವಿಡು ಎಂಬುದು ಅದರ ಬೆನ್ನಿಗೇ ಬರುತ್ತದೆ. ಒಳಗು ಹೊರಗು ಎರಡನ್ನೂ ಒಟ್ಟಿಗೆ ಹಿಡಿಯುವ ಕ್ರಮ ಅಲ್ಲಿಂದಲೇ ಇದೆ. ಅದೇ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅರಸ ಲೆಮುವೇಲನಿಗೆ ಅವನ ತಾಯಿ ಬುದ್ಧಿ ಹೇಳುತ್ತಾಳೆ: ಬಾಯಿಲ್ಲದವರ ಪರವಾಗಿ ನಿನ್ನ ಬಾಯಿ ತೆರೆ, ಬಡವನಿಗೆ ನ್ಯಾಯ ದೊರಕಿಸು. ಅರಸನ ಮಟ್ಟಿಗೆ ನಾಲಿಗೆಯ ಶಿಸ್ತೆಂದರೆ ಮೌನವಲ್ಲ ಎಂಬುದನ್ನು ತಾಯಿಯೇ ಕಲಿಸಬೇಕಾಯಿತು.

ಯೇಸುವಿನಲ್ಲಿಗೆ ಬಂದಾಗ ಕಾವಲು ಒಳಮನೆಗೆ ಹೋಗುತ್ತದೆ. ಹೃದಯದಲ್ಲಿ ತುಂಬಿದ್ದೇ ಬಾಯಿಗೆ ಬರುತ್ತದೆ, ಹೊರಗಿಂದ ಒಳಹೋಗುವ ಊಟಕ್ಕಿಂತ ಒಳಗಿಂದ ಹೊರಬರುವುದೇ ಮನುಷ್ಯನನ್ನು ಮೈಲಿಗೆ ಮಾಡುತ್ತದೆ ಎಂಬ ಬೋಧನೆ ಮತ್ತಾಯನ 12 ಮತ್ತು 15ನೇ ಅಧ್ಯಾಯಗಳಲ್ಲಿದೆ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಕೊಲೆಯ ಬೇರು ಸಿಟ್ಟಿನಲ್ಲಿ, ವ್ಯಭಿಚಾರದ ಬೇರು ನೋಟದಲ್ಲಿ ಎಂದಾಯಿತು. ಸಹೋದರನನ್ನು ಮೂರ್ಖ ಎಂದವನಿಗೆ ನರಕದ ಭಯ ಹೇಳಲಾಯಿತು. ಆದರೆ ಅದೇ ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸು ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಕುರುಡರು, ಮೂರ್ಖರು, ಸುಣ್ಣ ಬಳಿದ ಸಮಾಧಿಗಳು ಎಂದು ಬಾಯ್ತುಂಬ ಬಯ್ಯುತ್ತಾನೆ. ಈ ವಿರೋಧವನ್ನು ನಯವಾಗಿ ಸರಿದೂಗಿಸಲು ವ್ಯಾಖ್ಯಾನಕಾರರು ಬಹಳ ಬೆವರು ಹರಿಸಿದ್ದಾರೆ. ನನಗೆ ಕಾಣುವುದು ಇಷ್ಟೆ: ಅಲ್ಲಿ ಬೈಗುಳ ತಿಂದವರು ಜನರ ಹೆಗಲಿಗೆ ಹೊರೆ ಹೊರಿಸಿ ತಾವು ಬೆರಳೂ ಆಡಿಸದವರು. ಕೆಳಗಿದ್ದವರನ್ನು ಯೇಸು ಹಾಗೆ ಬಯ್ದದ್ದು ಸುವಾರ್ತೆಗಳಲ್ಲಿ ಸಿಗುವುದಿಲ್ಲ. ಕಾನಾನ್ಯ ಹೆಂಗಸಿನೊಡನೆ ಆಡಿದ ಒಂದು ಕಟುಮಾತು ಇದಕ್ಕೆ ಅಪವಾದ ಎನ್ನಬಹುದು, ಆದರೆ ಅಲ್ಲಿ ಗೆದ್ದದ್ದು ಅವಳ ಮರುಮಾತೇ.

ಆಲೋಚನೆಯ ವಿಷಯದಲ್ಲಿ ಕ್ರೈಸ್ತರ ನಿಜವಾದ ಪ್ರಯೋಗಶಾಲೆ ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿ. ಊರು ಬಿಟ್ಟು ನಿತ್ರಿಯಾ, ಕೆಲ್ಲಿಯಾ, ಸ್ಕೇತಿಸ್‌ಗಳಲ್ಲಿ ಗುಡಿಸಲು ಕಟ್ಟಿಕೊಂಡ ಸನ್ಯಾಸಿಗಳಿಗೆ ಜನರ ಕಾಟ ತಪ್ಪಿತು, ಮನಸ್ಸಿನ ಕಾಟ ಶುರುವಾಯಿತು. ಅವರಲ್ಲಿ ಇವಾಗ್ರಿಯಸ್ ಬಹಳ ಸೂಕ್ಷ್ಮ ಬುದ್ಧಿಯವನು. ಕಪ್ಪು ಸಮುದ್ರದ ಬಳಿಯ ಪೊಂತದಲ್ಲಿ ಸುಮಾರು 345ರಲ್ಲಿ ಹುಟ್ಟಿ, ಕಾನ್‌ಸ್ಟಾಂಟಿನೋಪಲಿನಲ್ಲಿ ಉಪಯಾಜಕನಾಗಿ ಹೆಸರು ಮಾಡಿ, ಮದುವೆಯಾದ ಹೆಂಗಸೊಬ್ಬಳ ಮೋಹದಿಂದ ತಪ್ಪಿಸಿಕೊಳ್ಳಲು ಓಡಿಬಂದು ಕೊನೆಗೆ ಮರುಭೂಮಿ ಸೇರಿದವನು. 399ರಲ್ಲಿ ಅಲ್ಲಿಯೇ ತೀರಿಕೊಂಡ. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರಿಕೆ, ಹೊಗಳಿಕೆಯ ಹಂಬಲ, ಗರ್ವ ಎಂದು ಎಂಟು ಬಗೆಯ ಆಲೋಚನೆಗಳನ್ನು ಹೆಸರಿಸಿದ್ದು ಅವನೇ. ಬೇಸರಿಕೆಯ ವರ್ಣನೆಯಂತೂ ಇಂದಿನ ಆಫೀಸಿನಲ್ಲಿ ಕೂತು ಬರೆದಂತಿದೆ. ಹೊತ್ತು ಹತ್ತರಿಂದ ಎರಡರವರೆಗೆ ಅದರ ಹಾವಳಿ. ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನೆ, ಕಣ್ಣು ಮತ್ತೆ ಮತ್ತೆ ಕಿಟಕಿಗೆ ಹೋಗುತ್ತದೆ, ಯಾರಾದರೂ ಮಾತಾಡಿಸಲು ಬಂದಾರೇ ಎಂದು ನೋಡುತ್ತದೆ, ಇರುವ ಜಾಗವೂ ಮಾಡುವ ಕೆಲಸವೂ ಹಗೆಯೆನಿಸುತ್ತವೆ.

ಇಂಥ ಆಲೋಚನೆಗಳಿಗೆ ಇವಾಗ್ರಿಯಸ್ ಸೂಚಿಸಿದ ಮೊದಲ ಕೆಲಸ ನೋಡುವುದು. ಯಾವ ಆಲೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಎಷ್ಟು ಜೋರಾಗಿ ಬಂದು ಯಾವಾಗ ಸಡಿಲುತ್ತದೆ ಎಂದು ಗಮನಿಸಬೇಕು. ಆಮೇಲೆ ಎದುರುತ್ತರ ಕೊಡಬೇಕು. ಅದಕ್ಕೆಂದೇ ಅವನು ಎಂಟು ಭಾಗಗಳ ಒಂದು ಕೈಪಿಡಿ ಬರೆದ. ಒಂದೊಂದು ಆಲೋಚನೆಗೂ ಒಂದೊಂದು ಶಾಸ್ತ್ರವಚನದ ಉತ್ತರ, ಒಟ್ಟು ಐನೂರರ ಸಮೀಪ. ಮೂಲ ಗ್ರೀಕ್ ಪ್ರತಿ ಕಳೆದುಹೋಗಿ ಸಿರಿಯಾಕ್, ಅರ್ಮೇನಿಯನ್ ಅನುವಾದಗಳಲ್ಲಿ ಅದು ಉಳಿದಿದೆ. ಮಾದರಿ ಯೇಸುವಿನದೇ: ಅಡವಿಯಲ್ಲಿ ಸೈತಾನ ಮೂರು ಸಲ ಕೆಣಕಿದಾಗ ಮೂರಕ್ಕೂ ಧರ್ಮೋಪದೇಶಕಾಂಡದಿಂದ ಉತ್ತರ ಬಂತಲ್ಲ, ಹಾಗೆ. ಇಷ್ಟೆಲ್ಲ ಮಾಡಿದ ಇವಾಗ್ರಿಯಸನ ಹೆಸರಿಗೆ 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ ಹಿಂದಿನ ದೈವಶಾಸ್ತ್ರಜ್ಞ ಒರಿಗೆನನ ಜೊತೆ ಕಳಂಕ ಅಂಟಿತು. ಅವನ ವಿಚಾರಗಳು ಮಾತ್ರ ಬೇರೆಯವರ ಹೆಸರಿನಲ್ಲಿ ಬದುಕಿದವು. ಸನ್ಯಾಸಿ ಜಾನ್ ಕ್ಯಾಶಿಯನ್ ಅವನ್ನು ದಕ್ಷಿಣ ಫ್ರಾನ್ಸಿಗೆ ಒಯ್ದ. 590ರಲ್ಲಿ ಪೋಪರಾದ ಮಹಾ ಗ್ರೆಗೊರಿ ಪಟ್ಟಿಗೆ ಹೊಟ್ಟೆಕಿಚ್ಚನ್ನು ಸೇರಿಸಿ, ಬೇಸರಿಕೆಯನ್ನು ದುಃಖದೊಳಗೆ ಮಡಚಿದರು. ನಾವು ಕೇಳಿದ ಏಳು ಮಹಾಪಾಪಗಳು ಹೊರಟದ್ದು ಅಲ್ಲಿಂದ. ಈ ಸಾಗಾಟದಲ್ಲಿ ಏನೋ ಬದಲಾಯಿತು. ಮರುಭೂಮಿಯಲ್ಲಿ ಅವು ಬಂದುಹೋಗುವ ಆಲೋಚನೆಗಳಾಗಿದ್ದವು, ಪಶ್ಚಿಮದಲ್ಲಿ ಲೆಕ್ಕ ಒಪ್ಪಿಸಬೇಕಾದ ಪಾಪಗಳಾದವು. ನೋಡುವ ಕೆಲಸ ಹಿಂದೆ ಬಿತ್ತು, ತೂಗುವ ಕೆಲಸ ಮುಂದೆ ಬಂತು.

ಮರುಭೂಮಿಯ ಹಿರಿಯರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೆಟ್ಟ ಯೋಚನೆಗಳು ಮುತ್ತುತ್ತವೆ ಎಂದು ಅಳಲಿಕೊಂಡು ಬಂದ ತಮ್ಮನೊಬ್ಬನನ್ನು ಅಬ್ಬಾ ಪೊಯೆಮೆನ್ ಬಯಲಿಗೆ ಕರೆದೊಯ್ದು, ಎದೆಯುಬ್ಬಿಸಿ ಗಾಳಿಯನ್ನು ಒಳಗೆ ಬಿಡದೆ ನಿಲ್ಲು ಎಂದರಂತೆ. ಆಗದು ಎಂದ ಅವನು. ಯೋಚನೆ ಬರುವುದನ್ನು ತಡೆಯುವುದೂ ಹಾಗೇ ಆಗದು, ಬಂದದ್ದಕ್ಕೆ ಒಪ್ಪದೆ ನಿಲ್ಲುವುದಷ್ಟೆ ನಿನ್ನ ಕೆಲಸ ಎಂದು ಸಮಾಧಾನ ಹೇಳಿ ಕಳಿಸಿದರು. ಪೂರ್ವದ ಆರ್ಥಡಾಕ್ಸ್ ಸಭೆ ಈ ಎಚ್ಚರದ ಪಾಠವನ್ನು ಬಿಡದೆ ಹಿಡಿದುಕೊಂಡು, 1782ರಲ್ಲಿ ವೆನಿಸಿನಲ್ಲಿ ಅಚ್ಚಾದ ಫಿಲೋಕಾಲಿಯಾ ಸಂಕಲನದಲ್ಲಿ ಕಾಪಿಟ್ಟಿತು. ಇವಾಗ್ರಿಯಸನ ಬರಹಗಳಿಗೂ ಅದರಲ್ಲಿ ಜಾಗ ಸಿಕ್ಕಿದೆ.

ತಡೆಯಲೇಬೇಕು ಎಂದು ಹಟ ಹಿಡಿದವರ ಪಾಡು ಏನಾಯಿತು ಎಂಬುದಕ್ಕೆ ಎರಡು ದೊಡ್ಡ ಸಾಕ್ಷಿಗಳಿವೆ. 1522ರಲ್ಲಿ ಮನ್ರೇಸಾದಲ್ಲಿದ್ದ ಇಗ್ನಾಸಿಯಸ್ ಲೊಯೊಲಾ ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ಇನ್ನೂ ಏನೋ ಬಿಟ್ಟುಹೋಗಿದೆ ಎಂಬ ಸಂಶಯದಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಇಂಗ್ಲೆಂಡಿನ ಬೋಧಕ ಜಾನ್ ಬನ್ಯನ್‌ಗೆ ಕ್ರಿಸ್ತನನ್ನು ಮಾರಿಬಿಡು ಎಂಬ ಒಂದು ಮಾತು ತಲೆಯೊಳಗೆ ಹಗಲಿರುಳು ಗುಂಯ್‌ಗುಡುತ್ತಿತ್ತು. ಇಲ್ಲ ಇಲ್ಲ ಎಂದು ಸೆಣಸಿ ಸೋತು ಒಂದು ಗಳಿಗೆ ಸುಮ್ಮನಾದದ್ದೇ ತಾನು ನರಕಕ್ಕೆ ಬಿದ್ದೆ ಎಂದು ಬಹುಕಾಲ ನರಳಿದರು. 1666ರಲ್ಲಿ ಅಚ್ಚಾದ ಆತ್ಮಕಥನದಲ್ಲಿ ಅವರೇ ಇದನ್ನು ಬಿಚ್ಚಿಟ್ಟಿದ್ದಾರೆ. ಇಂದಿನ ಮನೋವೈದ್ಯರಿಗೆ ಇದು ಗುರುತಿನ ರೋಗ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ 1987ರಲ್ಲಿ ಸಂಗಡಿಗರೊಂದಿಗೆ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಮೊದಲು ಅದುಮಿಟ್ಟವರು ಆಮೇಲೆ ಕರಡಿಯನ್ನು ನೆನೆದದ್ದು ಇನ್ನೂ ಹೆಚ್ಚು. ಪೊಯೆಮೆನ್ ಬಯಲಲ್ಲಿ ತೋರಿಸಿದ್ದಕ್ಕೆ ಬಹಳ ದೂರವಿಲ್ಲ. ತಲೆಗೆ ಹೊಕ್ಕ ಪ್ರತಿ ಯೋಚನೆಗೂ ಮಗು ಹೊಣೆ ಎಂದು ಹದಿನಾಲ್ಕರ ಹುಡುಗರಿಗೆ ಬೋಧಿಸುವವರು ಈ ಸಂಗತಿಗಳನ್ನು ತಿಳಿದಿರಬೇಕು. ಅಂಥ ಸಂಶಯದಲ್ಲಿ ಬೇಯುತ್ತಿರುವವರಿಗೆ ಇನ್ನಷ್ಟು ಪ್ರಾರ್ಥನೆಯ ಬದಲು ವೈದ್ಯರ ವಿಳಾಸ ಕೊಡುವುದೂ ಪಾಲಕರ ಕೆಲಸವೇ.

ಪ್ರತಿ ಆಲೋಚನೆಯನ್ನೂ ಸೆರೆಹಿಡಿಯುವ ಮಾತು ಪೌಲನದಲ್ಲವೇ ಎಂದು ಕೇಳುವವರಿದ್ದಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 10ನೇ ಅಧ್ಯಾಯದಲ್ಲಿ ಅದಿದೆ ನಿಜ. ಆದರೆ ಅಲ್ಲಿ ಪೌಲ ಹೂಡಿರುವುದು ತನ್ನ ಅಧಿಕಾರವನ್ನು ಪ್ರಶ್ನಿಸಿದ ಬೋಧಕರೊಡನೆ ವಾದ. ಕೆಡವಬೇಕಾದ ಕೋಟೆ ಅವರ ತರ್ಕದ್ದು. ಒಂಟಿ ಮನುಷ್ಯ ರಾತ್ರಿ ಹಾಸಿಗೆಯಲ್ಲಿ ತನ್ನ ತಲೆಯೊಳಗೆ ನಡೆಸುವ ಪೊಲೀಸುಗಿರಿಗೆ ಆ ವಚನ ಹುಟ್ಟಿದ್ದಲ್ಲ. ಮನಸ್ಸಿನ ಆರೈಕೆಗೆ ಬೇಕಾದದ್ದು ಸೆರೆಯಲ್ಲಿದ್ದು ಬರೆದ ಫಿಲಿಪ್ಪಿಯವರ ಪತ್ರದ 4ನೇ ಅಧ್ಯಾಯದಲ್ಲಿದೆ. ಸತ್ಯವಾದದ್ದು, ಮಾನ್ಯವಾದದ್ದು, ನ್ಯಾಯವಾದದ್ದು ಎಲ್ಲಿದೆಯೋ ಅದನ್ನು ಧ್ಯಾನಿಸಿ ಎನ್ನುತ್ತಾನೆ. ಕೆಟ್ಟದ್ದನ್ನು ಅದುಮು ಎಂಬ ಮಾತು ಅಲ್ಲಿಲ್ಲ.

ಇನ್ನು ಮಾತು. ಮೌನವನ್ನು ಅಭ್ಯಾಸ ಮಾಡಿದವರಲ್ಲೂ ಮರುಭೂಮಿಯವರೇ ಮುಂದು. ಅಗಾಥೋನ್ ಮೂರು ವರ್ಷ ಬಾಯಲ್ಲಿ ಕಲ್ಲಿಟ್ಟುಕೊಂಡು ಸುಮ್ಮನಿರಲು ಕಲಿತರಂತೆ. ಅಕ್ಷರ ಬಾರದ ಪಾಂಬೋ ಕೀರ್ತನೆ ಕಲಿಯಲು ಹೋಗಿ, 39ನೇ ಕೀರ್ತನೆಯ ಮೊದಲ ವಚನ, ಅಂದರೆ ನಾಲಿಗೆ ತಪ್ಪದಂತೆ ನೋಡಿಕೊಳ್ಳುವ ಸಂಕಲ್ಪ, ಕಿವಿಗೆ ಬಿದ್ದೊಡನೆ ಇಷ್ಟು ಸಾಕೆಂದು ಎದ್ದುಬಂದರು. ಎಷ್ಟೋ ವರ್ಷದ ಮೇಲೆ ಕೇಳಿದವರಿಗೆ, ಅದೊಂದು ವಚನವೇ ಇನ್ನೂ ಪೂರ್ತಿ ಬಂದಿಲ್ಲ ಎಂದರಂತೆ. ನನಗೆ ಇಷ್ಟವಾದ ಪ್ರಸಂಗ ಬೇರೆ. ಅಲೆಕ್ಸಾಂಡ್ರಿಯಾದ ಮಹಾಧರ್ಮಾಧ್ಯಕ್ಷ ಥಿಯೋಫಿಲಸ್ ಸ್ಕೇತಿಸ್‌ಗೆ ಬಂದಾಗ, ದೊಡ್ಡವರು ಬಂದಿದ್ದಾರೆ, ಎರಡು ಮಾತಾಡಿ ಎಂದು ಉಳಿದವರು ಪಾಂಬೋರನ್ನು ಒತ್ತಾಯಿಸಿದರು. ನನ್ನ ಮೌನದಿಂದ ಅವರಿಗೆ ಉಪಯೋಗವಾಗದಿದ್ದರೆ ಮಾತಿನಿಂದಲೂ ಆಗದು ಎಂದುಬಿಟ್ಟರು ಪಾಂಬೋ. ಅಧಿಕಾರದ ಎದುರು ಮೌನವೂ ಒಂದು ಖಡಕ್ ಮಾತೇ.

ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 6ನೇ ಅಧ್ಯಾಯ ಮೌನದ ಕುರಿತದ್ದು. ಆದರೆ ಅದಕ್ಕೂ ಮೊದಲು ಬರುವ 3ನೇ ಅಧ್ಯಾಯದಲ್ಲಿ, ಮಠದ ದೊಡ್ಡ ವಿಷಯಗಳಿಗೆ ಮಠಾಧಿಪತಿ ಎಲ್ಲರನ್ನೂ ಕರೆಯಬೇಕು, ದೇವರು ಮೇಲಾದದ್ದನ್ನು ಬಹಳ ಸಲ ಕಿರಿಯನಿಗೇ ತೋರಿಸುತ್ತಾನೆ ಎಂದಿದೆ. ಕಿರಿಯನ ಬಾಯಿ ತೆರೆಸಿದ ಮೇಲೆಯೇ ಮೌನದ ಪಾಠ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಎಲ್ಲರೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಬೇಕೆಂದಿತು, ಕೇಳಿಸಿಕೊಂಡದ್ದನ್ನು ಹೊರಗೆ ಆಡಿದ ಗುರುವನ್ನು ಪದವಿಯಿಂದ ಇಳಿಸಿ ಮಠದೊಳಗೆ ಜೀವಮಾನದ ಪ್ರಾಯಶ್ಚಿತ್ತಕ್ಕೆ ತಳ್ಳಬೇಕೆಂದೂ ವಿಧಿಸಿತು. ಎಲ್ಲರ ಗುಟ್ಟು ಬಲ್ಲವನ ನಾಲಿಗೆಗೇ ಎಲ್ಲರಿಗಿಂತ ಬಿಗಿಯಾದ ಕಡಿವಾಣ. ಅಕ್ವಿನಾಸರು ಹಿಂದಿನಿಂದ ಆಡಿಕೊಳ್ಳುವುದು, ಚಾಡಿ, ಅಣಕ, ಶಾಪ ಎಂದು ಬಿಡಿಬಿಡಿಯಾಗಿ ವಿಚಾರಿಸಿ, ತಡೆಯಬಹುದಾಗಿದ್ದೂ ಸುಮ್ಮನೆ ಕೇಳಿಸಿಕೊಂಡವನಿಗೂ ಪಾಲು ಹಚ್ಚಿದರು. ವೆಸ್ಟ್‌ಮಿನ್‌ಸ್ಟರಿನಲ್ಲಿ 1647ರಲ್ಲಿ ಸಿದ್ಧವಾದ ದೊಡ್ಡ ಪ್ರಶ್ನೋತ್ತರಿ ಸುಳ್ಳುಸಾಕ್ಷಿಯ ಆಜ್ಞೆಯ ಕೆಳಗೆ ಪಾಪಗಳ ಉದ್ದ ಪಟ್ಟಿ ಕೊಟ್ಟು, ನ್ಯಾಯದ ವಿಷಯದಲ್ಲಿ ಸಲ್ಲದ ಮೌನವನ್ನೂ ಅದರಲ್ಲಿ ಸೇರಿಸಿತು.

ಲೂಥರರದು ವಿಚಿತ್ರ ಕತೆ. 1529ರ ಕಿರು ಪ್ರಶ್ನೋತ್ತರಿಯಲ್ಲಿ ಅವರು ಈ ಆಜ್ಞೆಗೆ ಕೊಟ್ಟ ವಿವರಣೆ ಮಕ್ಕಳು ಬಾಯಿಪಾಠ ಮಾಡುವಷ್ಟು ಚೆಂದ: ನೆರೆಯವನ ಪರ ಮಾತಾಡು, ಅವನು ಮಾಡಿದ್ದಕ್ಕೆ ಸಾಧ್ಯವಾದಷ್ಟು ಒಳ್ಳೆಯ ಅರ್ಥ ಹಚ್ಚು ಎಂಬ ಆಶಯ. ಅದೇ ಲೂಥರರು 1543ರಲ್ಲಿ ಯೆಹೂದ್ಯರ ವಿರುದ್ಧ ಒಂದು ಪುಸ್ತಕ ಬರೆದು ಅವರ ಸಭಾಮಂದಿರಗಳಿಗೆ ಬೆಂಕಿಯಿಡಿ ಎಂದು ಸಲಹೆ ಕೊಟ್ಟರು. ನಾಲ್ಕು ಶತಮಾನಗಳ ಬಳಿಕ ನಾಜಿಗಳು ಅದನ್ನು ಹುಡುಕಿ ತೆಗೆದು ಬಳಸಿಕೊಂಡರು. ನೆರೆಯವನು ಎಂಬ ಬೇಲಿಯ ಹೊರಗೆ ಯಾರನ್ನಾದರೂ ನಿಲ್ಲಿಸಿದ ಕೂಡಲೇ ನಾಲಿಗೆಯ ನಿಯಮಗಳೆಲ್ಲ ಸಡಿಲವಾಗುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಸುಳ್ಳಿನ ಪ್ರಶ್ನೆಯಲ್ಲೂ ಬಲದ ಲೆಕ್ಕ ಬರುತ್ತದೆ. ಯಾವ ಸುಳ್ಳೂ ಸಲ್ಲದು ಎಂದು ಅಗಸ್ಟೀನರು ಎರಡು ಗ್ರಂಥ ಬರೆದು ಸಾಧಿಸಿದರು. ಫರೋಹನಿಗೆ ಸುಳ್ಳು ಹೇಳಿ ಇಬ್ರಿಯ ಶಿಶುಗಳನ್ನು ಉಳಿಸಿದ ಸೂಲಗಿತ್ತಿಯರಿಗೆ ದೇವರು ಒಲಿದದ್ದು ದಯೆಗಾಗಿ, ಸುಳ್ಳಿಗಾಗಿ ಅಲ್ಲ ಎಂದರು. ತರ್ಕ ಸರಿಯಿರಬಹುದು, ಅದನ್ನು ಓದಿದಾಗ ನನಗೆ ಸೂಲಗಿತ್ತಿಯರ ಮೇಲೆಯೇ ಅಭಿಮಾನ. ಹಿಟ್ಲರನ ಸೆರೆಮನೆಯಲ್ಲಿ ವಿಚಾರಣೆ ಎದುರಿಸುತ್ತಿದ್ದ ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹೊಫರ್ ಒಂದು ಉದಾಹರಣೆ ಕೊಟ್ಟರು. ನಿನ್ನ ಅಪ್ಪ ಕುಡಿದು ಮನೆಗೆ ಬರುತ್ತಾನೆಯೇ ಎಂದು ತರಗತಿಯಲ್ಲಿ ಎಲ್ಲರೆದುರು ಮೇಷ್ಟ್ರು ಕೇಳುತ್ತಾರೆ, ಬರುವುದು ನಿಜವಾದರೂ ಮಗು ಇಲ್ಲ ಎನ್ನುತ್ತದೆ. ಕೇಳಬಾರದ್ದನ್ನು ಕೇಳಿದ ಮೇಷ್ಟ್ರದೇ ತಪ್ಪು ಎಂಬುದು ಅವರ ತೀರ್ಮಾನ. ಫಿಂಕೆನ್‌ವಾಲ್ಡೆಯ ಗುರುಮಠ ನಡೆಸುತ್ತಿದ್ದಾಗ ಇದೇ ಬಾನ್‌ಹೊಫರ್ ಹಾಕಿದ್ದ ನಿಯಮ, ಎದುರಿಗಿಲ್ಲದವರ ಬಗ್ಗೆ ಮಾತಾಡಕೂಡದು. ಬಾಯಿತಪ್ಪಿ ಆಡಿದರೆ ಹೋಗಿ ಅವರಿಗೇ ತಿಳಿಸಬೇಕು. ಸಂಗಡಿಗರ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವರು ಸರ್ಕಾರದ ವಿಷಯದಲ್ಲಿ ಲೆಮುವೇಲನ ತಾಯಿಯ ಮಾತು ಹಿಡಿದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ನಮ್ಮ ಕಾಲಕ್ಕೆ ಬಂದರೆ ಹರಟೆಯ ಮೇಲೆ ಪೋಪ್ ಫ್ರಾನ್ಸಿಸರಷ್ಟು ಹರಿಹಾಯ್ದವರಿಲ್ಲ. 2014ರ ಡಿಸೆಂಬರ್ 22ರಂದು ವ್ಯಾಟಿಕನ್ನಿನ ಅಧಿಕಾರಿಗಳನ್ನೇ ಎದುರು ಕೂರಿಸಿ ಅವರ ಹದಿನೈದು ರೋಗಗಳನ್ನು ಹೇಳಿದಾಗ, ಹಿಂದಿನಿಂದ ಆಡಿಕೊಳ್ಳುವುದನ್ನು ಭಯೋತ್ಪಾದನೆ ಎಂದರು. ಚಾಡಿಯ ಹೊಸ ವೇಷಗಳೂ ಬೇಕಾದಷ್ಟಿವೆ. ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿನಲ್ಲಿ, ಇಂಥವರ ಮಗಳಿಗಾಗಿ ಪ್ರಾರ್ಥಿಸಿ, ಪಾಪ ಅವಳ ಪರಿಸ್ಥಿತಿ ಹೀಗಾಗಿದೆ ಎಂದು ಇಡೀ ಸಂಸಾರದ ಕತೆ ಹರಡುವುದು ಎಲ್ಲರಿಗೂ ಗೊತ್ತಿರುವುದೇ.

ಆದರೆ ಹರಟೆ ಪಾಪ ಎಂಬ ಬೋಧನೆಗೆ ಒಂದು ಕರಾಳ ಬಳಕೆಯೂ ಇದೆ. ಸಭೆಯ ದೊಡ್ಡವರೊಬ್ಬರಿಂದ ಅನ್ಯಾಯಕ್ಕೊಳಗಾದವರು ಬಾಯಿಬಿಟ್ಟರೆ, ಅಭಿಷಿಕ್ತರ ಮೇಲೆ ಮಾತಾಡಬೇಡ, ಸಭೆಯ ಹೆಸರು ಕೆಡಿಸಬೇಡ ಎಂದು ಅದುಮುವುದು. ಮತ್ತಾಯನ 18ನೇ ಅಧ್ಯಾಯ ತಪ್ಪು ಮಾಡಿದವನಿಗೆ ಮೊದಲು ಏಕಾಂತದಲ್ಲಿ ತಿಳಿಹೇಳು ಎನ್ನುತ್ತದೆ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೇಳದಿದ್ದರೆ ಸಾಕ್ಷಿಗಳೊಡನೆ ಹೋಗು, ಆಗಲೂ ಕೇಳದಿದ್ದರೆ ಇಡೀ ಸಭೆಗೆ ಹೇಳು ಎಂದು ಅದೇ ಅಧ್ಯಾಯ ಮುಂದುವರಿಯುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ಚಿಕ್ಕವರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತೂ ಇದೆ. ನೊಂದವರ ಬಾಯಿ ಅದುಮುವ ಈ ತಪ್ಪನ್ನು ತಿದ್ದಲು ಕಥೋಲಿಕ ಸಭೆಗೆ 2019 ಬರಬೇಕಾಯಿತು. ಆ ಮೇ ತಿಂಗಳಲ್ಲಿ ಹೊರಟ ಪೋಪರ ಶಾಸನ, ಲೈಂಗಿಕ ದೌರ್ಜನ್ಯದ ದೂರು ಕೊಟ್ಟವರ ಮೇಲೆ ಬಾಯಿ ಮುಚ್ಚಿಕೊಂಡಿರುವ ಕಟ್ಟುಪಾಡು ಹೇರುವಂತಿಲ್ಲ ಎಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳಿಗಿದ್ದ ಪೋಪರ ಗೋಪ್ಯತೆಯ ಮುದ್ರೆಯನ್ನೂ ತೆಗೆಯಲಾಯಿತು.

ಇನ್ನೊಂದು ಬಗೆಯ ಬಾಯಿಕಟ್ಟು ಅಮೆರಿಕದಿಂದ ಬಂದದ್ದು. ಕೆನೆತ್ ಹೇಗಿನ್ ಮೊದಲಾದವರು ಹಬ್ಬಿಸಿದ ನಂಬಿಕೆಯ ಪ್ರಕಾರ, ನಾಲಿಗೆಗೆ ಜೀವ ಮರಣಗಳ ಶಕ್ತಿಯಿದೆ ಎಂಬ ಜ್ಞಾನೋಕ್ತಿಯ ಮಾತಿನಂತೆ ಬಾಯಲ್ಲಿ ಏನು ಹೇಳಿದರೆ ಅದೇ ಆಗುತ್ತದೆ. ಆದ್ದರಿಂದ ಕಾಯಿಲೆ ಎಂದು ಒಪ್ಪಿಕೊಳ್ಳಬೇಡ, ಗುಣವಾಗಿದೆ ಎಂದೇ ಅರಿಕೆ ಮಾಡು. ಕನ್ನಡ ಪ್ರಾರ್ಥನಾ ಕೂಟಗಳಲ್ಲೂ ಈ ಧಾಟಿ ಕೇಳಿಬರುತ್ತದೆ. ಗುಣವಾಗದವರ ಪಾಲಿಗೆ ಕಾಯಿಲೆಯ ಜೊತೆ ನಾಲಿಗೆಯ ತಪ್ಪಿನ ಅಪವಾದವೂ ಬಂದು ಕೂರುತ್ತದೆ. ಇವರು 88ನೇ ಕೀರ್ತನೆಯನ್ನು ಏನು ಮಾಡುತ್ತಾರೋ ತಿಳಿಯದು, ಅದು ಶುರುವಿನಿಂದ ಕೊನೆಯವರೆಗೂ ಗೋಳು, ಮುಗಿಯುವುದೂ ಕತ್ತಲೆಯಲ್ಲೇ. ಯೋಬನಂತೂ ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನೇ ಕಟಕಟೆಗೆ ಕರೆದ. ಅವನ ಮೂವರು ಗೆಳೆಯರು ಮಾತ್ರ ಒಂದೂ ತಪ್ಪು ಮಾತಾಡದೆ ದೇವರ ಪರ ವಾದಿಸಿದರು. 42ನೇ ಅಧ್ಯಾಯದಲ್ಲಿ ದೇವರು ಕೋಪಿಸಿಕೊಂಡದ್ದು ಗೆಳೆಯರ ಮೇಲೆ, ಸರಿಯಾಗಿ ಮಾತಾಡಿದವನು ಯೋಬ ಎಂದು ತೀರ್ಪು ಬಂತು.

ಕೊನೆಗೆ ಯಾಕೋಬನ ಪತ್ರ. ನಾಲಿಗೆಯ ಮೇಲಿನ ಉಪದೇಶಗಳಿಗೆಲ್ಲ ತಾಯಿಬೇರು ಅದರ 3ನೇ ಅಧ್ಯಾಯ. ಕುದುರೆಯ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡುವ ಕಿಡಿ ಎಲ್ಲ ಅಲ್ಲಿನವೇ. ಆದರೆ ಆ ಅಧ್ಯಾಯದ ಮೊದಲ ವಚನ ಎಲ್ಲರಿಗೂ ಹೇಳಿದ್ದಲ್ಲ. ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಬೇಡಿ, ಬೋಧಿಸುವ ನಮಗೆ ಬರುವ ತೀರ್ಪು ಹೆಚ್ಚು ಕಠಿಣ ಎಂಬುದು ಅದರ ಎಚ್ಚರಿಕೆ. ಕಡಿವಾಣ, ಚುಕ್ಕಾಣಿ, ಕಿಡಿ ಬರುವುದು ಅದರ ಮೇಲೆ. ಅದೇ ಪತ್ರದ 5ನೇ ಅಧ್ಯಾಯದಲ್ಲಿ ಕೂಲಿ ಹಿಡಿದಿಟ್ಟುಕೊಂಡ ಧಣಿಗಳ ವಿರುದ್ಧ ಕೂಲಿಯವರ ಕೂಗು ದೇವರ ಕಿವಿ ಮುಟ್ಟುತ್ತದೆ, ಆ ಕೂಗಿಗೆ ಯಾಕೋಬ ಕಡಿವಾಣ ಹಾಕಿಲ್ಲ. ಮುಂದಿನ ತಪಸ್ಸುಕಾಲದಲ್ಲಿ ನಾಲಿಗೆಯ ಮೇಲೆ ಉಪದೇಶ ಮಾಡಲು ಈ ಅಧ್ಯಾಯ ತೆರೆಯುವ ಗುರುಗಳಲ್ಲೂ ಸಭಾಪಾಲಕರಲ್ಲೂ ಒಂದು ಬೇಡಿಕೆ: ದಯಮಾಡಿ ಎರಡನೆಯ ವಚನದಿಂದ ಓದಲು ಶುರುಮಾಡಬೇಡಿ.